ಉತ್ತರ ಸರಿ, ಪ್ರಶ್ನೆ ಬೇರೆ

ಭೂಮಿಯ ಸುತ್ತ, ಸಮಭಾಜಕ ವೃತ್ತದ ಗುಂಟ, ಒಂದು ಹಗ್ಗವನ್ನು ಬಿಗಿಯಾಗಿ ಸುತ್ತಿದ್ದೀರಿ ಅಂದುಕೊಳ್ಳಿ. ಉದ್ದ ಸುಮಾರು 40,000 ಕಿಲೋಮೀಟರ್. ಈಗ ಅದನ್ನು ಒಂದು ಕಡೆ ಕತ್ತರಿಸಿ, ಬರೀ ಒಂದು ಮೀಟರ್ ಹಗ್ಗ ಸೇರಿಸಿ ಗಂಟು ಹಾಕಿ. ಹಗ್ಗ ಚೂರು ಸಡಿಲವಾಯಿತು. ಆ ಸಡಿಲವನ್ನು ಭೂಮಿಯ ಸುತ್ತಲೂ ಒಂದೇ ಸಮನಾಗಿ ಹಂಚಿ ಎತ್ತಿ ಹಿಡಿದರೆ, ನೆಲಕ್ಕೂ ಹಗ್ಗಕ್ಕೂ ನಡುವೆ ಎಷ್ಟು ಜಾಗ ಸಿಗುತ್ತದೆ?

ಹೆಚ್ಚಿನವರು ನಗುತ್ತಾರೆ. ನಲವತ್ತು ಸಾವಿರ ಕಿಲೋಮೀಟರ್ ಮುಂದೆ ಒಂದು ಮೀಟರ್ ಏನು ಮಹಾ? ಇರುವೆಯೂ ನುಸುಳಲಾರದು ಅನ್ನುತ್ತಾರೆ. ಸರಿಯುತ್ತರ ಸುಮಾರು 16 ಸೆಂಟಿಮೀಟರ್. ಬೆಕ್ಕು ಮೈ ಬಗ್ಗಿಸಿ ಆಚೆ ಹೋಗಬಹುದು.

ಇದಕ್ಕೆ ಬೇಕಾದ ಗಣಿತ ಹೈಸ್ಕೂಲಿನದು. ಸುತ್ತಳತೆ ಅಂದರೆ ತ್ರಿಜ್ಯದ 2 ಪೈ ಪಟ್ಟು, ಹೆಚ್ಚುಕಡಿಮೆ 6.28 ಪಟ್ಟು. ಸುತ್ತಳತೆ ಒಂದು ಮೀಟರ್ ಜಾಸ್ತಿಯಾದರೆ ತ್ರಿಜ್ಯ 1ನ್ನು 6.28ರಿಂದ ಭಾಗಿಸಿದಷ್ಟು ಜಾಸ್ತಿಯಾಗುತ್ತದೆ. ಮೊದಲು ತ್ರಿಜ್ಯ ಎಷ್ಟಿತ್ತು ಅನ್ನುವುದು ಈ ಲೆಕ್ಕದಲ್ಲಿ ತಲೆಯನ್ನೇ ಹಾಕುವುದಿಲ್ಲ. ನಿಂಬೆಹಣ್ಣಿಗೆ ಸುತ್ತಿದ ದಾರಕ್ಕೆ ಒಂದು ಮೀಟರ್ ಸೇರಿಸಿದರೂ 16 ಸೆಂಟಿಮೀಟರೇ, ಭೂಮಿಗಾದರೂ ಅಷ್ಟೇ.

ಇಷ್ಟನ್ನು ಬರೆದು ತೋರಿಸಿದ ಮೇಲೆ ಎದುರಿಗಿದ್ದವರ ಮುಖ ನೋಡಬೇಕು. ಲೆಕ್ಕ ತಪ್ಪು ಅನ್ನುವುದಿಲ್ಲ. ಒಪ್ಪಿದೆ ಅನ್ನುವುದೂ ಇಲ್ಲ. "ಅದೆಲ್ಲ ಸರಿ, ಆದ್ರೂ..." ಅಂತ ಮಾತು ಅರ್ಧಕ್ಕೆ ನಿಲ್ಲುತ್ತದೆ. ನನಗೆ ಕುತೂಹಲ ಇರುವುದು ಆ "ಆದ್ರೂ" ಬಗ್ಗೆ.

ಜನಕ್ಕೆ ಗಣಿತ ಬರಲ್ಲ, ಅದಕ್ಕೇ ಹೀಗೆ ಅಂತ ಕೈ ತೊಳೆದುಕೊಳ್ಳುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಇಂಥ ಕಡೆ ನಮ್ಮ ಒಳಮನಸ್ಸು ಕೊಡುವ ಉತ್ತರ ಬಹಳ ಸಲ ಸರಿಯಾಗಿಯೇ ಇರುತ್ತದೆ. ಕೇಳಿದ ಪ್ರಶ್ನೆಗಲ್ಲ, ಅದರ ಪಕ್ಕದಲ್ಲಿರುವ ಇನ್ನೊಂದು ಪ್ರಶ್ನೆಗೆ. ಹಗ್ಗದ ವಿಷಯವನ್ನೇ ನೋಡಿ. ಮನಸ್ಸು ಉತ್ತರ ಕೊಟ್ಟಿದ್ದು "40,000 ಕಿಲೋಮೀಟರ್ ಜೊತೆ ಹೋಲಿಸಿದರೆ ಒಂದು ಮೀಟರ್ ಎಷ್ಟು?" ಅನ್ನುವುದಕ್ಕೆ. ಏನೇನೂ ಅಲ್ಲ. ಅದು ನಿಜ. ಹಾಗೆ ನೋಡಿದರೆ 16 ಸೆಂಟಿಮೀಟರ್ ಕೂಡ ಭೂಮಿಯ 6,400 ಕಿಲೋಮೀಟರ್ ತ್ರಿಜ್ಯದ ಮುಂದೆ ಏನೇನೂ ಅಲ್ಲ. ಬೆಕ್ಕಿಗೆ ಮಾತ್ರ ಅದು ಜಾಸ್ತಿ.

ಕಷ್ಟದ ಪ್ರಶ್ನೆ ಎದುರಾದಾಗ ಮನಸ್ಸು ನಮಗೇ ತಿಳಿಯದಂತೆ ಸುಲಭದ ಪ್ರಶ್ನೆಯೊಂದಕ್ಕೆ ಉತ್ತರ ಕೊಟ್ಟುಬಿಡುತ್ತದೆ ಅಂತ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ವಿವರಿಸಿದ್ದಾರೆ. ಅವರು ಹೆಚ್ಚಾಗಿ ಅದರಿಂದಾಗುವ ತಪ್ಪುಗಳ ಬಗ್ಗೆ ಮಾತಾಡಿದರು. ನನಗೆ ಮುಖ್ಯ ಅನ್ನಿಸುವುದು ಇನ್ನೊಂದು ಮಗ್ಗುಲು. ಆ ಸುಲಭದ ಪ್ರಶ್ನೆಗೆ ಸಿಕ್ಕ ಉತ್ತರ ಸರಿ ಇರುವುದರಿಂದಲೇ ನಾವು ಪಟ್ಟು ಬಿಡುವುದಿಲ್ಲ. ಸರಿ ಇರುವುದನ್ನು ಯಾಕೆ ಬಿಡಬೇಕು?

ಸೂತ್ರ ತೋರಿಸಿದರೆ ಪ್ರಯೋಜನ ಆಗದಿರುವುದೂ ಇದಕ್ಕೇ. ಸೂತ್ರ ಕೇಳಿದ ಪ್ರಶ್ನೆಯ ಜೊತೆ ಮಾತಾಡುತ್ತದೆ, ಮನಸ್ಸು ಹಿಡಿದುಕೊಂಡ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ. ಹಗ್ಗದ ಲೆಕ್ಕವನ್ನು ನಾನು ಈಗ ಬೇಲಿಯಿಂದ ಶುರು ಮಾಡುತ್ತೇನೆ. 30-40 ಸೈಟಿಗೆ ಬೇಲಿ ಹಾಕಿದ್ದೀರಿ, ಒಟ್ಟು 140 ಅಡಿ. ಪಕ್ಕದವರ ಜೊತೆ ಜಗಳಕ್ಕೆ ಸಿದ್ಧರಾಗಿ ನಾಲ್ಕೂ ಕಡೆ ಒಂದೊಂದು ಅಡಿ ಆಚೆ ಸರಿಸಿದಿರಿ. ಸೈಟು 32-42 ಆಯಿತು, ಬೇಲಿ 148 ಅಡಿ. ಎಂಟು ಅಡಿ ಜಾಸ್ತಿ ಬೇಕಾಯಿತು. ಈಗ ನೂರು ಎಕರೆಯ ಚೌಕಾಕಾರದ ತೋಟದ ಬೇಲಿಯನ್ನು ಹಾಗೇ ಒಂದು ಅಡಿ ಆಚೆ ಸರಿಸಿ. ಅಲ್ಲೂ ಎಂಟೇ ಅಡಿ. ಉದ್ದಕ್ಕಿರುವ ಬೇಲಿಯನ್ನು ಸುಮ್ನೆ ಎತ್ತಿ ಆಚೆ ನೆಟ್ಟರಾಯಿತು, ಅದಕ್ಕೆ ಹೊಸ ತಂತಿ ಬೇಡ. ಹೊಸ ತಂತಿ ಬೇಕಾಗುವುದು ಮೂಲೆಯಲ್ಲಿ ಮಾತ್ರ, ಮೂಲೆಗೆ ಎರಡು ಅಡಿ. ಮೂಲೆ ಎಲ್ಲ ತೋಟಕ್ಕೂ ನಾಲ್ಕೇ. ಇಷ್ಟು ಹೇಳಿ ಭೂಮಿಗೆ ಬಂದರೆ "ಆದ್ರೂ" ಬರುವುದಿಲ್ಲ. "ಓ, ಹಂಗಾ" ಅನ್ನುತ್ತಾರೆ.

ಇನ್ನು ಮಾಂಟಿ ಹಾಲ್ ಸಮಸ್ಯೆ. ಗಣಿತದ ಬಗ್ಗೆ ಓದುವ ಚಟ ಇರುವವರಿಗೆಲ್ಲ ಗೊತ್ತಿರುವುದೇ. ಆದರೂ ಬಿಡುವ ಹಾಗಿಲ್ಲ, ಏಕೆಂದರೆ ಇದರಷ್ಟು ಜನರನ್ನು ಕೆರಳಿಸಿದ ಲೆಕ್ಕ ಇನ್ನೊಂದಿಲ್ಲ. ಮಾಂಟಿ ಹಾಲ್ 1963ರಲ್ಲಿ ಅಮೆರಿಕದ ಟೀವಿಯಲ್ಲಿ ಶುರುವಾದ ಒಂದು ಆಟದ ಕಾರ್ಯಕ್ರಮದ ನಿರೂಪಕ. ಆ ಆಟದ ನೆರಳಿನಲ್ಲಿ 1975ರಲ್ಲಿ ಸ್ಟೀವ್ ಸೆಲ್ವಿನ್ ಎಂಬ ಸಂಖ್ಯಾಶಾಸ್ತ್ರಜ್ಞರು ಈ ಒಗಟನ್ನು ಒಂದು ಪತ್ರಿಕೆಗೆ ಬರೆದರು. ಮೂರು ಬಾಗಿಲು. ಒಂದರ ಹಿಂದೆ ಕಾರು, ಉಳಿದೆರಡರ ಹಿಂದೆ ಮೇಕೆ. ನೀವು ಒಂದು ಬಾಗಿಲು ಆರಿಸುತ್ತೀರಿ. ಕಾರು ಎಲ್ಲಿದೆ ಅಂತ ಗೊತ್ತಿರುವ ನಿರೂಪಕ ಉಳಿದೆರಡರಲ್ಲಿ ಮೇಕೆ ಇರುವ ಒಂದನ್ನು ತೆರೆದು ತೋರಿಸುತ್ತಾನೆ. ಆಮೇಲೆ ಕೇಳುತ್ತಾನೆ: ನಿಮ್ಮ ಬಾಗಿಲಿನಲ್ಲೇ ಇರ್ತೀರಾ, ಇಲ್ಲಾ ಬದಲಾಯಿಸ್ತೀರಾ? (ಬಾಗಿಲು ಮತ್ತು ಮೇಕೆಯ ಈ ರೂಪ ಆಮೇಲೆ ಬಂದದ್ದು, ಸೆಲ್ವಿನ್ ಬರೆದಾಗ ಡಬ್ಬಗಳಿದ್ದವು.)

ಬದಲಾಯಿಸಿದರೆ ಗೆಲ್ಲುವ ಸಾಧ್ಯತೆ ಮೂರರಲ್ಲಿ ಎರಡು. ಅಲ್ಲೇ ಇದ್ದರೆ ಮೂರರಲ್ಲಿ ಒಂದು. 1990ರಲ್ಲಿ ಮರಿಲಿನ್ ವಾಸ್ ಸಾವಂತ್ 'ಪೆರೇಡ್' ಪತ್ರಿಕೆಯ ತಮ್ಮ ಅಂಕಣದಲ್ಲಿ ಹೀಗೆಂದು ಬರೆದಾಗ ಸುಮಾರು ಹತ್ತು ಸಾವಿರ ಪತ್ರ ಬಂದವು. ಬಹುಪಾಲು ಬೈಗುಳವೇ. ಬರೆದವರಲ್ಲಿ ಹತ್ತಿರ ಹತ್ತಿರ ಒಂದು ಸಾವಿರ ಮಂದಿ ಪಿಎಚ್‌ಡಿ ಮಾಡಿದವರು. ಗಣಿತದ ಮೇಷ್ಟ್ರುಗಳೂ ಇದ್ದರು. ಮರಿಲಿನ್ ಅವರ ಉತ್ತರ ಸರಿಯಾಗಿತ್ತು, ಬೈದವರದ್ದು ತಪ್ಪಾಗಿತ್ತು.

ನಮ್ಮ ಭಾವ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಲೆಕ್ಕದಲ್ಲಿ ಅವರನ್ನು ಅಲ್ಲಾಡಿಸುವುದು ಕಷ್ಟ. ಒಂದು ಹಬ್ಬದ ಮಧ್ಯಾಹ್ನ, ಹೋಳಿಗೆ ಊಟ ಮುಗಿಸಿ ಎಲ್ಲರೂ ಹಾಲ್‌ನಲ್ಲಿ ಉರುಳಿಕೊಂಡಿದ್ದಾಗ, ಈ ಒಗಟು ಅವರ ಮುಂದಿಟ್ಟೆ.

"ಎರಡು ಬಾಗಿಲು ಉಳಿದ್ವಲ್ಲಯ್ಯಾ. ಫಿಫ್ಟಿ ಫಿಫ್ಟಿ. ಬದಲಾಯಿಸಿದ್ರೆಷ್ಟು ಬಿಟ್ರೆಷ್ಟು?" ಅಂದರು.

"ಮೂರರಲ್ಲಿ ಎರಡು ಭಾವ."

"ನಿಮ್ಮ ಅಮೆರಿಕದವರಿಗೆ ಕೆಲಸ ಇಲ್ಲ" ಅಂತ ದಿಂಬು ಸರಿಮಾಡಿಕೊಂಡರು.

ಅಕ್ಕನ ಮಗಳು ಅಡುಗೆಮನೆಯಿಂದ ಮೂರು ಸ್ಟೀಲ್ ಲೋಟ ತಂದು ಬೋರಲು ಹಾಕಿದಳು. ಒಂದರಡಿ ಹುಣಸೆ ಬೀಜ. ಆಡಿಸುವವಳು ಅವಳು, ಆಡುವವರು ಅವರಪ್ಪ. ಭಾವ ಬದಲಾಯಿಸಲೇ ಇಲ್ಲ, ಹಟಕ್ಕೆ ಅಲ್ಲೇ ಇದ್ದರು. ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ. "ಅದೃಷ್ಟ ಸರಿ ಇಲ್ಲ ಇವತ್ತು" ಅಂದರು. ಅದೂ ನ್ಯಾಯವೇ. ನಾಲ್ಕು ಸಲ ಆಡಿದ್ದರಿಂದ ಏನೂ ಸಾಬೀತಾಗುವುದಿಲ್ಲ.

ಆಮೇಲೆ ಅವಳಿಗೆ ಇನ್ನೇನೋ ಹೊಳೆಯಿತು. ಮನೆಯಲ್ಲಿದ್ದ ಲೋಟಗಳನ್ನೆಲ್ಲ ತಂದು ಹತ್ತು ಮಾಡಿ ಸಾಲಾಗಿ ಬೋರಲು ಹಾಕಿದಳು. ಭಾವ ಎಡಗಡೆಯ ಮೊದಲನೆಯದರ ಮೇಲೆ ಕೈ ಇಟ್ಟರು. ಅವಳು ಎರಡನೆಯದು ಎತ್ತಿದಳು, ಖಾಲಿ. ಮೂರನೆಯದು, ಖಾಲಿ. ನಾಲ್ಕು, ಐದು, ಆರು. ಏಳನೆಯದನ್ನು ಹಾರಿಸಿ ಎಂಟಕ್ಕೆ ಹೋದಳು. ಒಂಬತ್ತು, ಹತ್ತು. ಎಲ್ಲ ಖಾಲಿ. ಭಾವನ ಕಣ್ಣು ಆ ಏಳನೆಯ ಲೋಟದ ಮೇಲೆ ನಿಂತಿತು. ಏನೂ ಮಾತಾಡದೆ ಕೈಯನ್ನು ಅಲ್ಲಿಗೆ ಸರಿಸಿದರು.

"ಯಾಕಪ್ಪಾ, ಫಿಫ್ಟಿ ಫಿಫ್ಟಿ ಅಲ್ವಾ?" ಅಂದಳು ಅವಳು.

"ಇದನ್ನ ಹಾರಿಸಿದೆಯಲ್ಲೇ, ಸುಮ್ನೆ ಹಾರಿಸ್ತೀಯಾ ನೀನು?"

ಭಾವ ಒಂದು ಸಾಲು ಲೆಕ್ಕವನ್ನೂ ಮಾಡಿರಲಿಲ್ಲ. ಆಡಿಸುವವಳಿಗೆ ಬೀಜ ಎಲ್ಲಿದೆ ಅಂತ ಗೊತ್ತು, ಅವಳು ಬೇಕೆಂದೇ ಅದನ್ನು ಬಿಟ್ಟು ಎತ್ತುತ್ತಾಳೆ ಅನ್ನುವುದು ಹತ್ತು ಲೋಟದಲ್ಲಿ ಕಣ್ಣಿಗೆ ಬಿತ್ತು. ಮೂರು ಲೋಟದಲ್ಲಿ ಅದು ಬಚ್ಚಿಟ್ಟುಕೊಂಡಿರುತ್ತದೆ. ಮೊದಲು ಅವರು ಉತ್ತರ ಕೊಟ್ಟಿದ್ದು ಬೇರೆ ಪ್ರಶ್ನೆಗೆ: ಏನೂ ಗೊತ್ತಿಲ್ಲದ ಯಾರೋ, ಅಥವಾ ಗಾಳಿ, ಒಂದು ಬಾಗಿಲನ್ನು ತೆರೆಯಿತು, ಅಲ್ಲಿ ಮೇಕೆ ಕಾಣಿಸಿತು, ಈಗ ಏನು ಮಾಡಲಿ? ಆ ಪ್ರಶ್ನೆಗೆ ಫಿಫ್ಟಿ ಫಿಫ್ಟಿ ಸರಿಯಾದ ಉತ್ತರ. ಲೆಕ್ಕ ಹಾಕಿ ನೋಡಬಹುದು. ನೀವು ಆರಿಸಿದ್ದು ಒಂದನೆಯ ಬಾಗಿಲು. ಕಾರು ಮೂರರಲ್ಲಿ ಎಲ್ಲಾದರೂ ಇರಬಹುದು, ಗಾಳಿ ಎರಡನೆಯದನ್ನೋ ಮೂರನೆಯದನ್ನೋ ತೆರೆಯಬಹುದು. ಒಟ್ಟು ಆರು ಸಂದರ್ಭ. ಅದರಲ್ಲಿ ಎರಡರಲ್ಲಿ ಗಾಳಿ ಕಾರನ್ನೇ ತೋರಿಸಿಬಿಡುತ್ತದೆ, ಆಟ ಕೆಟ್ಟಿತು. ಉಳಿದ ನಾಲ್ಕರಲ್ಲಿ ಎರಡು ನಿಂತವರಿಗೆ, ಎರಡು ಬದಲಾಯಿಸಿದವರಿಗೆ. ಬೈದು ಬರೆದ ಆ ಸಾವಿರ ಪಿಎಚ್‌ಡಿಗಳು ಗಾಳಿಯ ಲೆಕ್ಕವನ್ನು ಸರಿಯಾಗಿ ಮಾಡಿದ್ದರು.

ಪಾಲ್ ಎರ್ಡೋಸ್ 20ನೇ ಶತಮಾನದ ದೊಡ್ಡ ಗಣಿತಜ್ಞರಲ್ಲಿ ಒಬ್ಬರು, ಸಂಭವನೀಯತೆಯನ್ನು ಆಯುಧದ ಹಾಗೆ ಬಳಸಿದವರು. ಅವರೂ ಇದನ್ನು ನಂಬಲಿಲ್ಲ. ಗೆಳೆಯ ಆಂಡ್ರ್ಯೂ ವಾಜೊನಿ ತರ್ಕದಿಂದ ವಿವರಿಸಿದರು, ಆಗಲಿಲ್ಲ. ಕೊನೆಗೆ ಕಂಪ್ಯೂಟರಿನಲ್ಲಿ ಆಟವನ್ನು ಮತ್ತೆ ಮತ್ತೆ ಆಡಿಸಿ ತೋರಿಸಿದ ಮೇಲೆ ಒಪ್ಪಿದರು. ಒಪ್ಪಿದರೂ ಅಸಮಾಧಾನ ಹೋಗಲಿಲ್ಲ, ಯಾಕೆ ಹೀಗೆ ಅಂತ ತಿಳಿಯಲಿಲ್ಲವಲ್ಲ ಅಂತ. ನಮ್ಮ ಭಾವನಿಗೂ ಎರ್ಡೋಸ್‌ಗೂ ಈ ಒಂದು ವಿಷಯದಲ್ಲಿ ನಂಟಿದೆ. ಭಾವನಿಗೆ ಹೇಳಿದೆ. ಎರ್ಡೋಸ್ ಯಾರು ಅಂತ ಕೇಳಿದರು.

ಹುಟ್ಟುಹಬ್ಬದ ಲೆಕ್ಕ ಇದಕ್ಕಿಂತ ಸಾಧು. ಒಂದು ಕೋಣೆಯಲ್ಲಿ 23 ಜನ ಇದ್ದರೆ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಚೂರು ಜಾಸ್ತಿ. ವರ್ಷಕ್ಕೆ 365 ದಿನ, ಬರೀ 23 ಜನ ಸಾಕಾ ಅಂತ ಎಲ್ಲರೂ ಹುಬ್ಬೇರಿಸುತ್ತಾರೆ. 2014ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ 32 ತಂಡಗಳಿದ್ದವು, ತಂಡಕ್ಕೆ 23 ಆಟಗಾರರು. ಸರಿಯಾಗಿ 16 ತಂಡಗಳಲ್ಲಿ ಒಂದೇ ದಿನ ಹುಟ್ಟಿದವರು ಸಿಕ್ಕಿದರು. ಇಲ್ಲಿ ಮನಸ್ಸು ಹಿಡಿದುಕೊಂಡ ಪ್ರಶ್ನೆ "ನನ್ನ ಹುಟ್ಟುಹಬ್ಬದ ದಿನವೇ ಹುಟ್ಟಿದ ಇನ್ನೊಬ್ಬರು ಸಿಗಲು ಎಷ್ಟು ಜನ ಬೇಕು?" ಅನ್ನುವುದು. ನಾವು ಕೋಣೆಯನ್ನು ನೋಡುವುದು ನಮ್ಮ ಕುರ್ಚಿಯಿಂದ ತಾನೇ. ಆ ಪ್ರಶ್ನೆಗೆ ಉತ್ತರ 253 ಜನ. ಮಜಾ ಏನೆಂದರೆ 23 ಜನರಲ್ಲಿ ಇಬ್ಬಿಬ್ಬರ ಜೋಡಿ ಎಷ್ಟಾಗುತ್ತದೆ ಅಂತ ಎಣಿಸಿದರೂ 253 ಬರುತ್ತದೆ.

ನಮ್ಮ ಕಡೆ ಈ ಲೆಕ್ಕವನ್ನು ಸ್ಕೂಲಿನ ಹಾಜರಿ ಪುಸ್ತಕ ಇಟ್ಟುಕೊಂಡು ಪರೀಕ್ಷೆ ಮಾಡಲು ಹೋಗಬೇಡಿ. ಹಿಂದೆ ಜನನ ಪತ್ರ ಇಲ್ಲದ ಮಕ್ಕಳಿಗೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತಲೇ ಬರೆದುಬಿಡುತ್ತಿದ್ದರು. ಅರ್ಧ ಊರಿಗೇ ಅವತ್ತು ಹುಟ್ಟುಹಬ್ಬ.

ಇದೆಲ್ಲ ಈಗಿನ ಕಾಲದ ತೊಂದರೆ ಅಂತಲೂ ಅಲ್ಲ. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದರು. ದೊಡ್ಡ ವಿದ್ವಾಂಸರು. ಯಾವ ಸಂಖ್ಯೆಯನ್ನಾದರೂ ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತದೆ ಅಂತ ಅವರು ಹೇಳಿದ್ದಾರೆ. ಇವತ್ತಿನ ಪುಸ್ತಕಗಳು ಅದನ್ನು ತಪ್ಪು ಅಂತ ಒಂದೇ ಸಾಲಿನಲ್ಲಿ ತಳ್ಳಿಹಾಕುತ್ತವೆ. ಅವರು ಯಾಕೆ ಹಾಗೆಂದರು ಅಂತ ಯೋಚಿಸಿದರೆ ನನಗೆ ತೋಚುವುದು ಇಷ್ಟು. ಬುಟ್ಟಿಯಲ್ಲಿ ಹನ್ನೆರಡು ಮಾವಿನಹಣ್ಣಿವೆ, ಹಂಚಿಕೊಳ್ಳಲು ಯಾರೂ ಬರಲಿಲ್ಲ. ಬುಟ್ಟಿಯಲ್ಲಿ ಎಷ್ಟು ಉಳಿಯಿತು? ಹನ್ನೆರಡೇ. ಆ ಪ್ರಶ್ನೆಗೆ ಅದೇ ಸರಿ. ಆದರೆ ಭಾಗಾಕಾರ ಕೇಳುವುದು "ತಲೆಗೆಷ್ಟು ಬಂತು?" ಅಂತ, ಮತ್ತು ತಲೆಯೇ ಇಲ್ಲದಿರುವಾಗ ಅದಕ್ಕೆ ಉತ್ತರವಿಲ್ಲ. 12ನೇ ಶತಮಾನದಲ್ಲಿ ಎರಡನೇ ಭಾಸ್ಕರಾಚಾರ್ಯರು ಅದನ್ನು ಅನಂತ ಅಂದರು. ಅದನ್ನೂ ಈಗಿನವರು ಒಪ್ಪುವುದಿಲ್ಲ, ಅರ್ಥವೇ ಇಲ್ಲದ್ದು ಅನ್ನುತ್ತಾರೆ.

ನನ್ನ ಈ ವಾದ ಎಲ್ಲ ಕಡೆ ಸಲ್ಲುತ್ತದೆ ಅಂತ ಹೇಳುವ ಧೈರ್ಯ ಇಲ್ಲ. ಅನಂತದ ಹತ್ತಿರ ಹೋದರೆ ಅದು ಕುಂಟುತ್ತದೆ. 1877ರಲ್ಲಿ ಗಣಿತಜ್ಞ ಗೇಯಾರ್ಗ್ ಕ್ಯಾಂಟರ್ ಒಂದು ಗೆರೆಯ ಮೇಲೆ ಎಷ್ಟು ಬಿಂದುಗಳಿವೆಯೋ ಇಡೀ ಚೌಕದೊಳಗೂ ಅಷ್ಟೇ ಇವೆ ಅಂತ ಸಾಧಿಸಿದರು. ಗೆಳೆಯ ಡೆಡೆಕಿಂಡ್‌ಗೆ ಬರೆದ ಪತ್ರದಲ್ಲಿ, ಕಾಣಿಸುತ್ತಿದೆ ಆದರೆ ನಂಬಲಾಗುತ್ತಿಲ್ಲ ಅಂತ ಬರೆದುಕೊಂಡರು. ಸಾಧಿಸಿದವರೇ ಅವರು! ಅಲ್ಲಿ ಮನಸ್ಸು ಯಾವ ಪಕ್ಕದ ಪ್ರಶ್ನೆಗೆ ಉತ್ತರ ಕೊಡುತ್ತಿತ್ತು? ಎಷ್ಟು ಜಾಗ ಹಿಡಿಯುತ್ತದೆ ಅನ್ನುವುದಕ್ಕೆ ಇರಬಹುದು. ಆದರೆ ಅದನ್ನು ಗೊತ್ತು ಮಾಡಿಕೊಂಡರೂ ಬೆಚ್ಚಿಬೀಳುವುದು ನಿಲ್ಲುವುದಿಲ್ಲ. ಅನಂತದ ಜೊತೆ ನಮಗೆ ದಿನಬಳಕೆಯೇ ಇಲ್ಲ.

ದಿನಬಳಕೆ ಅನ್ನುವುದು ದೊಡ್ಡ ಮಾತು. ಹೂ ಮಾರುವವರು ಮೊಳ ಅಳೆಯುವುದು, ರಸ್ತೆ ದಾಟುವಾಗ ಬಸ್ಸು ಎಷ್ಟು ದೂರ ಅಂತ ನೋಡುವುದು, ಬಂದ ನೆಂಟರಿಗೆ ಅಕ್ಕಿ ಎಷ್ಟು ಹಾಕಬೇಕು ಅನ್ನುವುದು, ಎಲ್ಲ ಅಂದಾಜಿನಲ್ಲೇ ನಡೆಯುತ್ತದೆ, ಬಹಳ ಸಲ ಸರಿಹೋಗುತ್ತದೆ. ಅದರ ಎದುರಿಗೆ ಗಣಿತ ನಮಗೆ ಸಿಕ್ಕಿದ್ದು ಬಾಯಿಪಾಠದ ಸೂತ್ರವಾಗಿ, ಯಾರೋ ಹೇಳಿದರು ಅಂತ. ಕೈಯಲ್ಲಿ ಪಳಗಿದ್ದಕ್ಕೂ ಯಾರೋ ಹೇಳಿದ್ದಕ್ಕೂ ಜಗಳ ಬಂದರೆ ಜನ ಪಳಗಿದ್ದನ್ನು ನಂಬುತ್ತಾರೆ. ನನಗಿದು ದಡ್ಡತನ ಅನ್ನಿಸುವುದಿಲ್ಲ. ಅದೂ ಅಲ್ಲದೆ, ಲೆಕ್ಕ ತೋರಿಸಿ ಟೋಪಿ ಹಾಕಿದವರನ್ನು ನಮ್ಮ ಊರುಗಳು ಬೇಕಾದಷ್ಟು ಕಂಡಿವೆ. ಕಾಗದದ ಮೇಲೆ ಸರಿ ಕಾಣುವ, ಮನಸ್ಸಿಗೆ ಒಗ್ಗದ ಲೆಕ್ಕವನ್ನು ಅನುಮಾನದಿಂದ ನೋಡುವುದು ಬದುಕಿ ಕಲಿತ ಬುದ್ಧಿ.

ಆದರೆ ಪಕ್ಕದ ಪ್ರಶ್ನೆಗೆ ಬೆಲೆ ತೆರಬೇಕಾಗುವ ಜಾಗಗಳಿವೆ. 1978ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ಆಸ್ಪತ್ರೆಗಳಲ್ಲಿ ಡಾಕ್ಟರುಗಳು, ವಿದ್ಯಾರ್ಥಿಗಳು ಸೇರಿ 60 ಜನರಿಗೆ ಕೇಳಿದ ಒಂದು ಪ್ರಶ್ನೆ ಬಹಳ ಹೆಸರಾಗಿದೆ. ಒಂದು ರೋಗ ಸಾವಿರಕ್ಕೆ ಒಬ್ಬರಿಗಿದೆ. ಪರೀಕ್ಷೆಯಲ್ಲಿ ರೋಗ ಇಲ್ಲದವರಿಗೂ 100ಕ್ಕೆ 5 ಸಲ ಪಾಸಿಟಿವ್ ಬರುತ್ತದೆ. ಪಾಸಿಟಿವ್ ಬಂದ ಒಬ್ಬರಿಗೆ ನಿಜವಾಗಿ ರೋಗ ಇರುವ ಸಾಧ್ಯತೆ ಎಷ್ಟು? ಎಲ್ಲಕ್ಕಿಂತ ಹೆಚ್ಚು ಜನ ಕೊಟ್ಟ ಉತ್ತರ ಶೇಕಡ 95. "ರೋಗ ಇಲ್ಲದವರಿಗೆ ನೆಗೆಟಿವ್ ಬರುವ ಸಾಧ್ಯತೆ ಎಷ್ಟು?" ಅನ್ನುವ ಪಕ್ಕದ ಪ್ರಶ್ನೆಗೆ ಅದು ಸರಿ. ಸರಿಯುತ್ತರ ಶೇಕಡ 2, ಅದನ್ನು ಹೇಳಿದವರು 11 ಜನ.

ಇದನ್ನು ಶೇಕಡದಲ್ಲಿ ಹೇಳದೆ ತಲೆಗಳಲ್ಲಿ ಹೇಳಿ ನೋಡಿ. ಸಾವಿರ ಜನ ಬಂದರು. ಒಬ್ಬರಿಗೆ ರೋಗ ಇದೆ, ಅವರಿಗೆ ಪಾಸಿಟಿವ್ ಬಂತು. ಉಳಿದ 999 ಜನರಲ್ಲಿ ಸುಮಾರು 50 ಜನಕ್ಕೆ ಸುಮ್ಮಸುಮ್ಮನೆ ಪಾಸಿಟಿವ್ ಬಂತು. ಪಾಸಿಟಿವ್ ಚೀಟಿ ಹಿಡಿದು ನಿಂತ 51 ಜನರಲ್ಲಿ ರೋಗಿ ಒಬ್ಬರೇ. ಹೀಗೆ ತಲೆ ಎಣಿಸಿ ಹೇಳಿದರೆ ಡಾಕ್ಟರುಗಳೂ ಎಷ್ಟೋ ಮೇಲು ಅಂತ ಜರ್ಮನಿಯ ಗೆರ್ಡ್ ಗಿಗರೆನ್ಜರ್ ಮತ್ತವರ ಜೊತೆಯವರು ತೋರಿಸಿಕೊಟ್ಟಿದ್ದಾರೆ. ರಿಪೋರ್ಟ್ ಕೈಗೆ ಬಂದು ರಾತ್ರಿಯಿಡೀ ನಿದ್ದೆಗೆಟ್ಟವರಿಗೆ ಈ ಲೆಕ್ಕ ಮೊದಲೇ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು.

ಇನ್ನೊಂದು ಜಾಗ ಸಾಲ. ಇಲ್ಲಿ ಮನಸ್ಸು ಯಾವ ಪ್ರಶ್ನೆಗೆ ಉತ್ತರ ಕೊಟ್ಟುಕೊಳ್ಳುತ್ತದೆ ಅಂತ ಎದುರಿಗೆ ಕೂತವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಬೈಕ್ ಸಾಲ ಒಂದು ಲಕ್ಷ, ಒಂದು ವರ್ಷಕ್ಕೆ, "ಫ್ಲಾಟ್ ರೇಟ್ ಬರೀ 12 ಪರ್ಸೆಂಟ್ ಸಾರ್" ಅನ್ನುತ್ತಾರೆ. ಲಕ್ಷಕ್ಕೆ 12 ಸಾವಿರ ಬಡ್ಡಿ, ಒಟ್ಟು 1,12,000, ಹನ್ನೆರಡು ಕಂತಾದರೆ ತಿಂಗಳಿಗೆ 9,333 ರೂಪಾಯಿ. ಬಾಯಲ್ಲೇ ಮಾಡಬಹುದಾದ ಲೆಕ್ಕ, ಒಂದು ಪೈಸೆಯೂ ತಪ್ಪಿಲ್ಲ. "ಒಂದು ಲಕ್ಷ ವರ್ಷಪೂರ್ತಿ ನನ್ನ ಹತ್ತಿರ ಇದ್ದರೆ 12 ಸಾವಿರ ಎಷ್ಟು ಪರ್ಸೆಂಟ್?" ಅಂದರೆ ಉತ್ತರ 12. ಆದರೆ ಒಂದು ಲಕ್ಷ ನಮ್ಮ ಹತ್ತಿರ ವರ್ಷಪೂರ್ತಿ ಇರುವುದಿಲ್ಲ. ಮೊದಲ ತಿಂಗಳಿಂದಲೇ ಅಸಲು ವಾಪಸ್ ಹೋಗುತ್ತಿರುತ್ತದೆ. ಆರನೇ ತಿಂಗಳ ಹೊತ್ತಿಗೆ ನಮ್ಮ ಕೈಯಲ್ಲಿರುವುದು ಅರ್ಧ ಲಕ್ಷದ ಆಸುಪಾಸು, ಬಡ್ಡಿ ಮಾತ್ರ ಇಡೀ ಲಕ್ಷದ ಮೇಲೆ. ತಿಂಗಳು ತಿಂಗಳು ಉಳಿದ ಸಾಲದ ಮೇಲೆ ಲೆಕ್ಕ ಹಾಕಿದರೆ ಆ ಬಡ್ಡಿ ವರ್ಷಕ್ಕೆ ಸುಮಾರು 21.5 ಪರ್ಸೆಂಟ್ ಬರುತ್ತದೆ. ಇದನ್ನು ಹೇಳಿದಾಗ ನಮ್ಮ ಭಾವ ದಿಂಬು ಸರಿಮಾಡಿಕೊಳ್ಳಲಿಲ್ಲ. ಬ್ಯಾಂಕಿನ ಕೌಂಟರಿನ ಆಚೆ ಕೂತವರಿಗೆ ಇದು ದಿನಬಳಕೆ.

ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 2024ರ ಅಕ್ಟೋಬರ್ 1ರಿಂದ ಇಂಥ ಹೊಸ ಸಾಲ ಕೊಡುವ ಬ್ಯಾಂಕು, ಫೈನಾನ್ಸ್ ಕಂಪನಿಗಳು ಮುಖ್ಯ ವಿವರಗಳ ಒಂದು ಚೀಟಿ ಕೊಡಬೇಕು. ವರ್ಷದ ನಿಜವಾದ ದರ, ಶುಲ್ಕಗಳೂ ಸೇರಿ, ಅದರಲ್ಲಿ ಬರೆದಿರಬೇಕು. ಆ ಚೀಟಿ ಬೇಕು ಅಂತ ಕೇಳುವವರು ಕಡಿಮೆ. ಷೋರೂಮಿನ ಕುರ್ಚಿಯಲ್ಲಿ ಕೂತು, ಹೊಸ ಗಾಡಿಯನ್ನು ಓರೆಗಣ್ಣಿನಲ್ಲಿ ನೋಡುತ್ತಾ ಜನ ಕೇಳುವುದು ಈಗಲೂ ಒಂದೇ: "ತಿಂಗಳಿಗೆ ಎಷ್ಟು ಬೀಳುತ್ತೆ?"